ಲೇಪಾಕ್ಷಿಯ ಸುತ್ತಣ ಹೆಸರುಗಳು

ಲೇಪಾಕ್ಷಿಗೆ ಬಂದಿಳಿದ ಯಾತ್ರಿಕನಿಗೆ ಊರಿನ ಹೆಸರಿನ ಕಥೆ ಮೊದಲು ತೆಲುಗಿನಲ್ಲಿಯೇ ಕೇಳಬರುತ್ತದೆ: ರಾವಣನ ಖಡ್ಗಕ್ಕೆ ರೆಕ್ಕೆಯನ್ನೊಪ್ಪಿಸಿ ನೆಲಕ್ಕುರುಳಿದ ಜಟಾಯುವನ್ನು ಕಂಡು ಶ್ರೀರಾಮನು ‘ಲೇ, ಪಕ್ಷಿ’ ಎಂದನಂತೆ, ಏಳು ಹಕ್ಕಿಯೇ ಎಂದು. ಕೂರ್ಮಶೈಲದ ಮೇಲಣ ವೀರಭದ್ರಾಲಯವನ್ನು ಹೊಕ್ಕರೆ ಅಲ್ಲಿ ಇನ್ನೊಂದು ಕಥೆ ಕಾದಿರುತ್ತದೆ: ವಿಜಯನಗರದ ಅಚ್ಯುತರಾಯನ ಆಳ್ವಿಕೆಯಲ್ಲಿ ಈ ಗುಡಿಯನ್ನು ಕಟ್ಟಿಸಿದ ವಿರೂಪಣ್ಣನು, ರಾಜಭಂಡಾರವನ್ನು ಅಪ್ಪಣೆಯಿಲ್ಲದೆ ವ್ಯಯಮಾಡಿದನೆಂಬ ಅಪವಾದಕ್ಕೆ ಗುರಿಯಾಗಿ, ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆಸೆದುದರಿಂದ ಲೇಪ, ಅಕ್ಷಿ ಎಂಬ ಸಂಸ್ಕೃತಪದಗಳೆರಡೂ ಕೂಡಿ ಹೆಸರಾಯಿತೆಂದು ಹೇಳಿ, ಗೋಡೆಯ ಕೆಂಗಲೆಗಳೆರಡನ್ನು ತೋರಿಸುತ್ತಾರೆ. ಇಷ್ಟೆಲ್ಲ ಕೇಳಿ ಹೊರಬಂದವನು ಗುಡಿಯ ಶಾಸನಗಳತ್ತ ಕಣ್ಣು ಹಾಯಿಸಿದರೆ, ದೇವರಿಗೆ ಬಿಟ್ಟ ಭೂಮಿಕಾಣಿಗಳ ಲೆಕ್ಕವನ್ನು ಬರೆದಿರುವುದು ಬಹುಮಟ್ಟಿಗೆ ಕನ್ನಡದಲ್ಲಿ!

ಊರ ಹೆಸರು ಕೇಳಿದವನ ಕಿವಿಗೆ ತಕ್ಕಂತೆ ಅರ್ಥವನ್ನು ತಾಳುತ್ತದೆ. ಬರೆದುಕೊಂಡವನ ಲೇಖನಿಗೆ ತಕ್ಕಂತೆ ರೂಪವನ್ನೂ ಬದಲಿಸುತ್ತದೆ. ಇದಕ್ಕೊಂದು ದೂರದ ನಿದರ್ಶನ: ಐರ್ಲೆಂಡಿನ ಪಡುಗಡಲಲ್ಲಿ ಗೇಲಿಕ್ ನುಡಿಯಾಡುವ ಅರನ್ ದ್ವೀಪಗಳಿವೆ. ಹತ್ತೊಂಬತ್ತನೆಯ ಶತಮಾನದ ಸರಕಾರೀ ಮೋಜಣಿದಾರರು ಐರ್ಲೆಂಡಿನ ಹೆಸರುಗಳನ್ನು ಇಂಗ್ಲಿಷಿನ ಅಕ್ಷರಜೋಡಣೆಗೆ ಒಗ್ಗಿಸಿ ಬರೆದುಕೊಂಡಿದ್ದರು; 1972ರಲ್ಲಿ ಆ ದ್ವೀಪಗಳಿಗೆ ಬಂದು ನೆಲಸಿದ ಟಿಮ್ ರಾಬಿನ್ಸನ್ ಎಂಬಾತನು ಬಂಡೆಬಂಡೆಯನ್ನೂ ನಡೆದು ನೋಡಿ, ಅಲ್ಲಿಯವರ ಬಾಯಿಂದಲೇ ಹೆಸರುಗಳನ್ನು ಕೇಳಿ, 1975ರಲ್ಲಿ ಹೊಸ ನಕ್ಷೆಯೊಂದನ್ನು ಹೊರತಂದನು. ಸ್ತುತ್ಯವಾದ ಕಾರ್ಯ. ಆದರೆ ಇಂತಹ ಕೆಲಸವನ್ನು ನಮ್ಮ ಶಾಸನಗಳ ಲಿಪಿಕಾರರು ಶತಮಾನಗಳ ಹಿಂದೆಯೇ, ಯಾವ ಆಡಂಬರವೂ ಇಲ್ಲದೆ ಮಾಡಿದ್ದರೆಂಬುದನ್ನು ನಾವು ಮರೆಯಲಾಗದು. ವಿಜಯನಗರದ ತಾಮ್ರಶಾಸನವೊಂದನ್ನು ಬಿಚ್ಚಿ ನೋಡಿ: ವರಾಹಸ್ತುತಿ, ಚಂದ್ರವಂಶ, ಅರಸನ ಬಿರುದಾವಳಿ ಎಲ್ಲವೂ ಸಂಸ್ಕೃತ ವೃತ್ತಗಳಲ್ಲಿ ಗಂಭೀರವಾಗಿ ಸಾಗಿಬಂದು, ದತ್ತಗ್ರಾಮದ ಎಲ್ಲೆಯನ್ನು ಹೇಳಬೇಕಾದ ಘಳಿಗೆಯಲ್ಲಿ ಕವಿ ಎಷ್ಟೋ ಸಲ ದೇಶಭಾಷೆಗೆ ಇಳಿದುಬಿಡುತ್ತಾನೆ. ಮೂಡಲು ಹುಣಸೆಯ ಮರ, ತೆಂಕಲು ಹುತ್ತ, ಪಡುವಲು ನಟ್ಟ ಕಲ್ಲು, ಬಡಗಲು ಹಳ್ಳ: ಈ ಬಗೆಯ ಮಾತು ಅದು. ಗೀರ್ವಾಣಕ್ಕೆ ಹುಣಸೆಯ ಹೆಸರು ಬಾರದೆಂದಲ್ಲ. ನಾಳೆ ಎಲ್ಲೆಯ ತಗಾದೆ ಎದ್ದರೆ ಸಾಕ್ಷಿ ನುಡಿಯಬೇಕಾದವನು ಒಕ್ಕಲಿಗನೇ ಹೊರತು ಕವಿಯಲ್ಲ.

ಲೇಪಾಕ್ಷಿಯ ಪಶ್ಚಿಮಕ್ಕೆ, ಮಡಕಶಿರದ ಸೀಮೆಯಲ್ಲಿ, ಇಂದಿಗೂ ಮನೆಮಾತು ಕನ್ನಡವಾಗಿರುವ ಅಮರಾಪುರ, ಅಗಳಿ, ರೊಳ್ಳಗಳ ನಡುವೆ ಹೇಮಾವತಿಯೆಂಬ ಹಳ್ಳಿಯಿದೆ. (ಹಾಸನದ ಹೊಳೆಗೂ ಇದಕ್ಕೂ ನಂಟಿಲ್ಲ.) ಒಂದು ಕಾಲಕ್ಕೆ ನೊಳಂಬವಾಡಿ ಮೂವತ್ತೆರಡು ಸಾಸಿರವನ್ನಾಳಿದ ನೊಳಂಬರ ರಾಜಧಾನಿ ಇದು, ಇಲ್ಲಿಯ ಕೆತ್ತನೆಯ ಕಂಬಗಳು ಈಗ ಮದರಾಸಿನ ವಸ್ತುಸಂಗ್ರಹಾಲಯದಲ್ಲಿವೆ. ಶಾಸನಗಳು ಈ ಊರನ್ನು ಪೆಂಜೇರು ಎಂದೂ ಹೆಂಜೇರು ಎಂದೂ ಕರೆದಿವೆ. ‘ಪಾಲು’ ಹಾಲಾದಂತೆ, ‘ಪಳ್ಳಿ’ ಹಳ್ಳಿಯಾದಂತೆ ಪೆಂಜೇರು ಹೆಂಜೇರಾಯಿತು. ಹಳಗನ್ನಡ ನಡುಗನ್ನಡಕ್ಕೆ ತಿರುಗಿದ ತಿರುವೇ ಈ ಒಂದು ಹೆಸರಿನಲ್ಲಿ ಅಚ್ಚೊತ್ತಿದಂತಿದೆ. ಮುಂದೆ ಯಾರೋ ಸಂಸ್ಕೃತಪ್ರಿಯರು ಅದಕ್ಕೆ ಹೊನ್ನಿನ ಮೆರುಗು ಕೊಟ್ಟು ಹೇಮಾವತಿಯೆಂದರು. ಹೆಸರು ಚೆಂದವಾಯಿತು, ನಿಜ. ಊರಿನ ವಯಸ್ಸು ಮಾತ್ರ ಅದರೊಳಗೆ ಅಡಗಿಹೋಯಿತು.

ಈ ಹಕಾರವೇ ಗಡಿನಾಡಿನಲ್ಲಿ ಕನ್ನಡದ ಗುರುತಿನ ಕಲ್ಲು. ತೆಲುಗು ಪಲ್ಲಿಯೆನ್ನುವಲ್ಲಿ ಕನ್ನಡ ಹಳ್ಳಿಯೆನ್ನುತ್ತದೆ. ರಾಯದುರ್ಗದ ಕಡೆಯ ಹಿರೇಹಾಳು, ಬೊಮ್ಮನಹಾಳುಗಳು 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆಂಧ್ರದ ಪಾಲಾದುವಾದರೂ ತಮ್ಮ ಹಕಾರವನ್ನು ಬಿಟ್ಟುಕೊಟ್ಟಿಲ್ಲ. ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಹೆಸರಿನಲ್ಲಿ ಗ್ರಂಥವನ್ನೇ ರಚಿಸಿದರಲ್ಲ, ಆ ಕಥೆಯ ಒಂದು ಅಧ್ಯಾಯ ಇಲ್ಲಿಯೂ ಬಿದ್ದಿದೆ. ಹಾಗೆಂದು ಪ್ರತಿಯೊಂದು ಹೆಸರನ್ನೂ ಕನ್ನಡಕ್ಕೇ ಎಳೆದುಕೊಳ್ಳುವ ಹಠವೂ ಸಲ್ಲದು. ಗುಡಿ, ಬಂಡೆ ಎರಡೂ ನುಡಿಗಳಿಗೆ ಸಲ್ಲುವ ಮಾತುಗಳಾದುದರಿಂದ ಗುಡಿಬಂಡೆಯೆಂಬ ಊರ ಹೆಸರು ಯಾರದೆಂದು ತೀರ್ಪುಕೊಡುವವರಾರು?

ಊರ ಹೆಸರುಗಳಿಗಾದರೆ ಶಾಸನದ ಆಸರೆಯಿದೆ. ಹೊಲಗಳ ಹೆಸರಿಗೆ ಅದೂ ಇಲ್ಲ. ಕಚೇರಿಯ ಅಡಂಗಲೆಂಬ ಜಮೀನು ದಾಖಲೆಯಲ್ಲಿ ಸರ್ವೆ ನಂಬರೊಂದೇ, ಅದೂ ತೆಲುಗಿನಲ್ಲಿ. ಮನೆಯಲ್ಲಿ ಮಾತ್ರ ಅದು ಹುಣಸೇಮರದ ಹೊಲ, ಇದು ಕುಂಟೆ ಕೆಳಗಿನ ಗದ್ದೆ. ಮರ ಬಿದ್ದು ಎಷ್ಟೋ ವರ್ಷವಾದಮೇಲೂ ಮುದುಕಿ ಮೊಮ್ಮಗನನ್ನು ಬುತ್ತಿ ಕೊಟ್ಟು ಕಳಿಸುವುದು ಹುಣಸೇಮರದ ಹೊಲಕ್ಕೇ.