ಬಾದಾಮಿಯ ಬಂಡೆಯಿಂದ ದನದ ಜಾತ್ರೆಗೆ: ‘ಸಾಧು’ ಪದದ ಅರ್ಥಚರಿತ್ರೆ

ಬಾದಾಮಿಯ ಕೆರೆಯ ದಂಡೆಗೆ ಎತ್ತರದಲ್ಲಿರುವ ಬಂಡೆಯೊಂದರಲ್ಲಿ, ಸುಮಾರು ಕ್ರಿ.ಶ. 700ರ ಹೊತ್ತಿಗೆ, ಕಪ್ಪೆ ಅರಭಟ್ಟನೆಂಬ ವೀರನ ಗುಣಗಳನ್ನು ಕೊರೆದಿಟ್ಟಿದ್ದಾರೆ. ಕನ್ನಡ ತ್ರಿಪದಿಯ ಮೊದಮೊದಲ ರೂಪ ಸಿಗುವುದು ಇಲ್ಲಿ. ಹೀಗಾಗಿ ಛಂದಸ್ಸಿನ ಪಾಠದಲ್ಲಿ ಈ ಶಾಸನವನ್ನು ಎಲ್ಲರೂ ಓದಿರುತ್ತೇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದರ ‘ಸಾಧು’ ಎಂಬ ಪದ. ಅರಭಟ್ಟ ಸಾಧುವಾದವರಿಗೆ ಸಾಧು, ಮಧುರವಾಗಿ ನಡೆದವರಿಗೆ ಮಧುರ. ಬಾಧಿಸಬಂದವರ ಪಾಲಿಗೆ ಬೇರೆಯೇ ಆಳು. ಅದೇ ಶಾಸನದ ಸಂಸ್ಕೃತ ಶ್ಲೋಕವೊಂದು ಸಾವಿನ ನೋವು ಗಳಿಗೆಯದು, ಮಾನ ಹೋದ ನೋವು ದಿನದಿನದ್ದು ಎಂಬ ಅರ್ಥದ ಮಾತಾಡುತ್ತದೆ. ಮುಂದೆ ಕಟ್ಟಿ ಬಿಟ್ಟ ಸಿಂಹದ ಹೋಲಿಕೆಯೂ ಬರುತ್ತದೆ. ಒಂದೇ ಮನುಷ್ಯನಲ್ಲಿ ಸಾಧುತನವೂ ಸಿಂಹವೂ ಕೂಡಿರಬಹುದೆಂದು ಅದನ್ನು ಬರೆಸಿದವರು ನಂಬಿದ್ದರು.

ಇಂದು ‘ಅವನು ಬಹಳ ಸಾಧು’ ಎಂದರೆ ಮೊದಲು ಮನಸ್ಸಿಗೆ ಬರುವುದು ಯಾರಿಗೂ ಎದುರಾಡದ, ಬೈದರೆ ಬೈಸಿಕೊಳ್ಳುವ ಮನುಷ್ಯ. ಈ ಇಳಿತ ಹೇಗಾಯಿತು?

ಧಾತುವಿನಲ್ಲಂತೂ ಮೆತ್ತಗಿರುವುದು ಏನೂ ಇಲ್ಲ. ಗುರಿಗೆ ನೇರ ಮುಟ್ಟು, ಕೈಗೂಡಿಸು ಎಂಬರ್ಥದ ‘ಸಾಧ್’ ಅದರ ಮೂಲ. ಸಾಧನೆ, ಸಾಧ್ಯ, ಸಾಧಿಸು ಇವೆಲ್ಲ ಅದರ ಒಡಹುಟ್ಟುಗಳು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಒಂದು ವಿಷಯದಲ್ಲಿ ನುರಿತವನನ್ನು ‘ಸಾಧು’ ಎಂದು ಗುರುತಿಸುವ ಸೂತ್ರವೇ ಇದೆ. ‘ಸಭ್ಯ’ ಪದ ಸಿದ್ಧವಾಗುವುದು ಆ ಅರ್ಥದಲ್ಲಿಯೇ: ಸಭೆಯಲ್ಲಿ ಸಾಧುವಾದವನು, ಎಂದರೆ ಹತ್ತು ಜನರ ನಡುವೆ ಕುಳಿತು ತೂಕದ ಮಾತಾಡಬಲ್ಲವನು. ಬಾಯಿ ಮುಚ್ಚಿ ಕೂರುವ ಸಭ್ಯತೆ ಆಮೇಲಿನದು. ವೈಯಾಕರಣರಿಗೆ ವ್ಯಾಕರಣ ಒಪ್ಪಿದ ರೂಪವೂ ‘ಸಾಧು’ ಶಬ್ದವೇ.

ಪ್ರಾಕೃತದಲ್ಲಿ ಈ ಪದ ‘ಸಾಹು’ ಆಯಿತು. ಜೈನರ ಪಂಚಪರಮೇಷ್ಠಿಗಳಲ್ಲಿ ಐದನೆಯವರು ಸಾಧುಗಳು; ಪ್ರಾಕೃತದ ನಮೋಕಾರದಲ್ಲಿ ಅವರಿಗೆ ಸಲ್ಲುವ ವಂದನೆ ಈ ‘ಸಾಹು’ ರೂಪದಲ್ಲಿದೆ. ಎಲ್ಲವನ್ನೂ ಬಿಟ್ಟು ಹೊರಟ ಮುನಿಯ ಹೆಸರಾದ ಈ ರೂಪವೇ ಹಣ ಕೂಡಿಟ್ಟ ವರ್ತಕನಿಗೂ ಅಂಟಿತು. ನಮ್ಮ ಸಾಹುಕಾರ, ಉತ್ತರ ಕರ್ನಾಟಕದ ಬಾಯಲ್ಲಿ ಸಾವ್ಕಾರ, ಹುಟ್ಟಿದ್ದು ಹೀಗೆ. ದೂರದೂರಿಗೆ ಸರಕು ಕಳಿಸುವವನಿಗೆ ಆಡಿದ ಮಾತಿಗೆ ತಪ್ಪದವನೆಂಬ ಹೆಸರೇ ಬಂಡವಾಳ. ಒಳ್ಳೆಯತನ ಇಲ್ಲಿ ಸಾಲ ಹುಟ್ಟಿಸುವ ಶಕ್ತಿ. ಕಾಲಾಂತರದಲ್ಲಿ ಬಡ್ಡಿಗೆ ಹೊಲ ಬರೆಸಿಕೊಂಡವನಿಗೂ ಆ ಹೆಸರೇ ಉಳಿಯಿತು. ಗುಣವಾಚಕ ಸ್ಥಾನವಾಚಕವಾದಾಗ ಗುಣ ಇದೆಯೇ ಎಂದು ಕೇಳುವವರಿರುವುದಿಲ್ಲ.

ಇನ್ನೊಂದು ಕವಲು ಕೆಳಮುಖವಾಗಿ ಹರಿಯಿತು. ದನದ ಜಾತ್ರೆಯಲ್ಲಿ ‘ಹಸು ಸಾಧು’ ಎಂದರೆ ಒದೆಯುವುದಿಲ್ಲ, ಹಾಯುವುದಿಲ್ಲ, ಯಾರು ಕೂತು ಕರೆದರೂ ಹಾಲು ಕೊಡುತ್ತದೆ ಎಂದರ್ಥ. ಆಳನ್ನು ಹೊಗಳುವಾಗಲೂ ಇದೇ ಪದ. ಕರಾವಳಿಯ ‘ಪಾಪದವರು’ ಎಂಬ ಮಾತು ಇದಕ್ಕೆ ಬಲು ಹತ್ತಿರ. ಅಲ್ಲಿ ಮೆದುತನ, ಬಡತನ ಎರಡೂ ಒಂದೇ ಉಸಿರಿನಲ್ಲಿ ಬಂದುಬಿಡುತ್ತವೆ. ಸಾಧು ಎಂಬುದರ ಸ್ತ್ರೀರೂಪವಾದ ‘ಸಾಧ್ವಿ’ ಪತಿವ್ರತೆಗೇ ಮೀಸಲಿಟ್ಟಂತಾಯಿತು. ನುರಿತವಳು ಎಂಬ ಅರ್ಥ ಅಲ್ಲಿ ಕೇಳಿಸುವುದೇ ಇಲ್ಲ. ಈ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಯಾರ ಎದುರುಮಾತು ಸಮಾಜಕ್ಕೆ ಬೇಡವಾಗಿತ್ತೋ ಅವರ ಮೈಮೇಲೆ ಪದದ ಅರ್ಥ ಸವೆದಿದೆ.

ಇಂಗ್ಲಿಷಿನ ‘ನೈಸ್’ ನಡೆದದ್ದು ತದ್ವಿರುದ್ಧ ದಾರಿ. ‘ಅರಿಯದವನು’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದು, ಮೊದಲು ದಡ್ಡನನ್ನು, ಆಮೇಲೆ ಅತಿ ನಾಜೂಕಿನವನನ್ನು ಸೂಚಿಸಿ, 18ನೆಯ ಶತಮಾನದ ಹೊತ್ತಿಗೆ ಹಿತವಾದದ್ದು ಎಂಬಲ್ಲಿಗೆ ಮುಟ್ಟಿತು. ಕನ್ನಡಕ್ಕೆ ಬಂದಾಗ ಅದು ನಮ್ಮ ‘ನಯ’ದ ಪಕ್ಕದಲ್ಲಿ ಕುಳಿತುಕೊಂಡಿತು. ಹಿಟ್ಟನ್ನು ನೈಸಾಗಿ ರುಬ್ಬುತ್ತೇವೆ. ನೈಸ್ ಮಾಡಿ ಕೆಲಸ ಮಾಡಿಸಿಕೊಂಡವನ ಬಗ್ಗೆ ಎಚ್ಚರದಿಂದಿರುತ್ತೇವೆ. ‘ನಯವಂಚಕ’ ಪದವನ್ನು ಕಟ್ಟಿದ ಭಾಷೆಗೆ ಈ ಎಚ್ಚರ ಹೊಸದಲ್ಲ.

ಹೆಣ್ಣು ನೋಡುವ ಮಾತುಕತೆಯಲ್ಲಿ ‘ಹುಡುಗಿ ತುಂಬಾ ಸಾಧು’ ಎಂಬ ಹೊಗಳಿಕೆ ಈಗಲೂ ಕೇಳುತ್ತದೆ. ಹುಡುಗಿಯ ತಾಯಿ ತಲೆಯಾಡಿಸುತ್ತಾಳೆ. ಬಾದಾಮಿಯ ಆ ಸಾಲಿನ ಎರಡನೆಯ ಅರ್ಧವನ್ನು ಅಲ್ಲಿ ಯಾರೂ ಕೇಳುವುದಿಲ್ಲ.