ಕಬ್ಬನ್ ರಸ್ತೆಯ ಕಿರ್ಕ್: ವಾರ್ಷಿಕೋತ್ಸವವನ್ನು ಎಲ್ಲಿಂದ ಎಣಿಸುವುದು?

ಹೆಬ್ಬೂರಿನ ಸುತ್ತಣ ನಮ್ಮ ಸೀಮೆಯಲ್ಲಿ ಪ್ರಾಟೆಸ್ಟಂಟ್ ಚರಿತ್ರೆಯೆಂದರೆ 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ನಿನ ಚರಿತ್ರೆ. 1859ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ ಥಾಮಸ್ ಹಾಡ್ಸನ್, ಮೈಸೂರು ಸೀಮೆಯ ಅನುಭವಗಳನ್ನು 1847ರಲ್ಲಿ ಗ್ರಂಥವಾಗಿಸಿದ ವಿಲಿಯಂ ಆರ್ಥರ್ ಇಬ್ಬರೂ ಗುಬ್ಬಿಯಲ್ಲಿ ದುಡಿದವರು. ಈ ಪರಿಚಯದಿಂದಲೇ ಇರಬೇಕು, ನಮ್ಮ ಸಂಶೋಧನ ವಿದ್ಯಾರ್ಥಿಗಳು ಹತ್ತೊಂಬತ್ತನೆಯ ಶತಮಾನದ ಚರ್ಚುಗಳನ್ನೆಲ್ಲ ‘ಮಿಷನರಿ’ ಎಂಬ ಒಂದೇ ತಲೆಬರಹದಡಿ ತರುವುದುಂಟು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚು ಆ ತಲೆಬರಹಕ್ಕೆ ಒಗ್ಗುವುದಿಲ್ಲ. ಅದು ದಂಡುಪ್ರದೇಶದ ಸ್ಕಾಟರ ಆರಾಧನೆಗಾಗಿ ಎದ್ದ ಪ್ರೆಸ್ಬಿಟೇರಿಯನ್ ದೇವಾಲಯ. ಚರ್ಚಿಗೆ ಸ್ಕಾಟರು ಹೇಳುವ ‘ಕಿರ್ಕ್’ ಎಂಬ ಮಾತೇ ಇಂದಿಗೂ ಅದರ ರೂಢನಾಮ.

ಅದರ ಅಡಿಗಲ್ಲು ಬಿದ್ದದ್ದು 1864ರ ನವೆಂಬರ್ 22ರಂದು. ಆರಾಧನೆಗೆ ತೆರೆದದ್ದು 1866ರ ನವೆಂಬರ್ 18ರಂದು. ಮೊದಲನೆಯದರಿಂದ ಎಣಿಸಿದರೆ 2014ಕ್ಕೆ ನೂರೈವತ್ತು, ಎರಡನೆಯದರಿಂದಾದರೆ 2016ಕ್ಕೆ. ಶಾಸನಗಳನ್ನು ಓದುವವರಿಗೆ ಈ ತೊಡಕು ಹೊಸದಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಬರಹ ಮಾಡಿಸಿದವನ ಹೆಸರನ್ನು ಹೇಳುತ್ತದೆ, ಕಾಲವನ್ನು ಹೇಳುವುದಿಲ್ಲ. ವಿದ್ವಾಂಸರ ಚರ್ಚೆ ನಡೆದೇ ಇರುವಾಗ 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನೆರವೇರಿತು. ಉತ್ಸವಕ್ಕೆ ಒಂದು ತಿಥಿ ಸಾಕು. ಸಂಶೋಧಕನಾದರೋ ಅದು ಯಾವುದರ ತಿಥಿಯೆಂದು ಕೇಳಲೇಬೇಕು.

ಕಿರ್ಕ್‌ನ ವಿಷಯದಲ್ಲಿ ಈ ಪ್ರಶ್ನೆ ಕಟ್ಟಡಕ್ಕೆ ನಿಲ್ಲುವುದಿಲ್ಲ. ‘ಪ್ರೆಸ್ಬಿಟರ್’ ಗ್ರೀಕ್ ಮೂಲದ ಪದ, ಹಿರಿಯ ಎಂದರ್ಥ. ಬಿಷಪ್ಪನ ಅಧಿಕಾರವನ್ನು ಒಲ್ಲದೆ, ಸಭೆ ಆರಿಸಿದ ಹಿರಿಯರೂ ಬೋಧಕರೂ ಕೂಡಿ ಸಭೆಯನ್ನು ನಡೆಸಬೇಕೆಂಬುದು ಈ ಪಂಥದ ಜೀವಾಳ. ಬೋಧಕನನ್ನು ನೇಮಿಸುವ ಹಕ್ಕು ಭೂಮಾಲೀಕರದೋ ಸಭೆಯದೋ ಎಂಬ ವಿವಾದದಲ್ಲಿ 1843ರಲ್ಲಿ ಸ್ಕಾಟ್ಲೆಂಡಿನ ಚರ್ಚೇ ಒಡೆದು, ಮೂರರಲ್ಲೊಂದು ಪಾಲಿಗೂ ಮಿಕ್ಕ ಬೋಧಕರು ಮನೆ, ವೇತನಗಳನ್ನು ತೊರೆದು ಹೊರನಡೆದರು. ಆ ಗಾಯ ಹಸಿಯಾಗಿದ್ದ ಕಾಲದಲ್ಲಿಯೇ ಬೆಂಗಳೂರಿನ ಕಿರ್ಕ್ ಎದ್ದದ್ದು.

ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. 1908ರಲ್ಲಿ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾಯಿತು. 1947ರ ಸೆಪ್ಟೆಂಬರ್ 27ರಂದು ಅದು ಆಂಗ್ಲಿಕನ್ ಮತ್ತು ಮೆಥಡಿಸ್ಟರೊಡನೆ ಬೆರೆತು ಸಿ.ಎಸ್.ಐ. ಹುಟ್ಟಿತು. ಅಲ್ಲಿ ಬಿಷಪ್ಪರು ಇದ್ದಾರೆ! ಕಿರ್ಕ್ ಇಂದು ಸಿ.ಎಸ್.ಐ.ನ ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿದೆ. ಯಾವ ಅಧಿಕಾರವನ್ನು ನಿರಾಕರಿಸಿ ಆ ಹೆಸರು ಹುಟ್ಟಿತೋ, ಆ ಅಧಿಕಾರದಡಿಯಲ್ಲೇ ಈಗ ‘ಪ್ರೆಸ್ಬಿಟರ್’ ಎಂಬುದು ದೀಕ್ಷೆ ಪಡೆದ ಬೋಧಕನ ಪದನಾಮ. ಇದನ್ನು ಸೋಲೆಂದು ಬಗೆಯುವುದು ಅವಸರವಾದೀತು. ಹಿರಿಯರ ಸಭೆಯ ಪದ್ಧತಿಯೂ ಬಿಷಪ್ಪನ ಪೀಠವೂ ಒಂದೇ ಮನೆಯಲ್ಲಿ ಬಾಳಲು ಎರಡು ಕಡೆಯವರೂ ಬಿಟ್ಟುಕೊಟ್ಟದ್ದೆಷ್ಟು ಎಂಬುದು ನಿಜವಾದ ಅಧ್ಯಯನ ವಸ್ತು. ಸ್ಮರಣ ಸಂಚಿಕೆಗಳು ಗೋಪುರದ ಗಡಿಯಾರಕ್ಕೆ ಕೊಡುವ ಪುಟಗಳನ್ನು ಇದಕ್ಕೆ ಕೊಡುವುದು ವಿರಳ.

ಈ ಹಾದಿಯಲ್ಲಿ ಹೊರಡುವವರಿಗೆ ಒಂದು ಸೂಚನೆ: ದಂಡಿನ ಸೇನೆ ಮದರಾಸಿಗೆ ಸೇರಿದ್ದರಿಂದ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ವಿವರವನ್ನು ಮೈಸೂರಿನ ಕಡತಗಳಲ್ಲಿ ಅರಸುವ ಮೊದಲು ಮದರಾಸು ಪ್ರಾಂತದ ಚರ್ಚು ದಾಖಲೆಗಳನ್ನು ನೋಡಬೇಕು. ಅವುಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.