ಸಹಬಲಿಪೂಜೆ ಮತ್ತು ಒಂಟಿಪೂಜೆ: ಒಂದು ಐತಿಹಾಸಿಕ ವಿವೇಚನೆ

ಹೊಸಪೇಟೆಯಿಂದ ಕುಷ್ಟಗಿಯತ್ತ ಹೋಗುವ ಹೆದ್ದಾರಿಯಲ್ಲಿ ತುಂಗಭದ್ರೆಯನ್ನು ದಾಟಿದ ಮೇಲೆ ಹಿಟ್ನಾಳ ಗ್ರಾಮವು ಸಿಕ್ಕುತ್ತದೆ. ಅಲ್ಲಿಂದ ಉತ್ತರಕ್ಕೆ, ಆದಿಲಶಾಹಿಗಳ ಕಾಲದಿಂದಲೂ ಕಥೋಲಿಕರು ನೆಲೆಸಿರುವ ಮುದಗಲ್ಲು ಇದೆ. 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಈ ಸೀಮೆಯು ಇಂದು ಸೇರಿದೆ. ಕ್ರೈಸ್ತರು ವಿರಳವಾಗಿರುವ ಇಂತಹ ಪ್ರದೇಶದಲ್ಲಿ, ಯಾಜಕರು ಒಂದೇ ಪೀಠದ ಸುತ್ತ ಕೂಡಿ ಬಲಿಪೂಜೆಯನ್ನು ಅರ್ಪಿಸಬೇಕೆ, ಅಥವಾ ಒಬ್ಬೊಬ್ಬರೂ ಪ್ರತ್ಯೇಕವಾಗಿ ಅರ್ಪಿಸಬೇಕೆ ಎಂಬ ಪ್ರಶ್ನೆಯು ಅಪ್ರಸ್ತುತವೆಂದು ತೋರಬಹುದು. ಆದರೆ ಆಚಾರವೊಂದು ತತ್ತ್ವದಿಂದ ಹುಟ್ಟಿತೋ ಪರಿಸ್ಥಿತಿಯಿಂದ ಹುಟ್ಟಿತೋ ಎಂಬುದನ್ನು ಬೇರ್ಪಡಿಸಿ ನೋಡಲು ಇದು ಉತ್ತಮ ನಿದರ್ಶನವಾಗಿದೆ.

ಎರಡನೆಯ ಶತಮಾನದ ಆದಿಯಲ್ಲಿದ್ದ ಅಂತಿಯೋಕಿನ ಇಗ್ನೇಷಿಯಸನು ತನ್ನ ಪತ್ರಗಳಲ್ಲಿ ಒಂದೇ ಪೀಠ, ಒಬ್ಬನೇ ಧರ್ಮಾಧ್ಯಕ್ಷ, ಅವನೊಡನೆ ಹಿರಿಯರ ಮಂಡಲಿ ಎಂಬ ಆದರ್ಶವನ್ನು ಸಾರಿದನು. ಮಧ್ಯಯುಗದ ಪಶ್ಚಿಮ ಯೂರೋಪಿನಲ್ಲಿ ಸ್ಥಿತಿಯು ಬದಲಾಯಿತು. ಮಠಗಳಲ್ಲಿ ಯಾಜಕ ದೀಕ್ಷೆ ಪಡೆದ ಸಂನ್ಯಾಸಿಗಳು ಹೆಚ್ಚಿದರು. ಮೃತರ ಆತ್ಮಶಾಂತಿಗಾಗಿ ಭಕ್ತರು ಕಾಣಿಕೆಯಿತ್ತು ಪೂಜೆಗಳನ್ನು ಮಾಡಿಸತೊಡಗಿದರು. ಪೂಜೆಗಳು ಹೆಚ್ಚಿದಂತೆ ಪೀಠಗಳೂ ಹೆಚ್ಚಿದವು. ಹಳೆಯ ಗೋವೆಯ ಸೆ ಮಹಾದೇವಾಲಯದ ಪಕ್ಕದ ಪೀಠಗಳನ್ನು ಕೇವಲ ಅಲಂಕಾರವೆಂದು ಭಾವಿಸುವ ವಿದ್ಯಾರ್ಥಿಯು ಈ ಹಿನ್ನೆಲೆಯನ್ನು ನೆನೆಯಬೇಕು. 1917ರ ಧರ್ಮಸಂಹಿತೆಯು ಯಾಜಕರ ದೀಕ್ಷೆ ಮತ್ತು ಧರ್ಮಾಧ್ಯಕ್ಷರ ಅಭಿಷೇಕ ಈ ಎರಡು ಸಂದರ್ಭಗಳನ್ನುಳಿದು ಸಹಬಲಿಪೂಜೆಯನ್ನು ನಿಷೇಧಿಸಿತು. ಪೂರ್ವದೇಶದ ಸಭೆಗಳಲ್ಲಿಯಾದರೋ ಆ ಪದ್ಧತಿಯು ಉಳಿದುಬಂದಿತ್ತು.

ಇನ್ನು ಕನ್ನಡ ನಾಡಿನ ಸಂಗತಿ. 1649ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದ ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರೂ, 1799ರಲ್ಲಿ ಟಿಪ್ಪುವಿನ ಪತನಾನಂತರ ಅಲ್ಲಿಗೆ ಬಂದು 1823ರವರೆಗೆ ಈ ದೇಶದಲ್ಲಿದ್ದ ಫ್ರಾನ್ಸಿನ ಅಬ್ಬೆ ದುಬಾಯರೂ ಚದುರಿದ ಹಳ್ಳಿಗಳ ನಡುವೆ ದುಡಿದವರು. 1773ರಲ್ಲಿ ಪೋಪರು ಯೇಸುಸಭೆಯನ್ನು ರದ್ದುಗೊಳಿಸಿದ್ದರಿಂದ ಯಾಜಕರ ಅಭಾವವು ಇನ್ನೂ ತೀವ್ರವಾಗಿತ್ತು. ಇಂತಹವರು ಒಬ್ಬರೇ ಪೂಜೆ ಅರ್ಪಿಸಿದ್ದು ಸ್ವಾಭಾವಿಕ. ಜೊತೆಗೂಡಲು ಇನ್ನೊಬ್ಬ ಯಾಜಕನು ಸಮೀಪದಲ್ಲಿರುತ್ತಿದ್ದುದೇ ಅಪೂರ್ವ. ಅವರ ಸುತ್ತ ಊರ ಜನರು ನೆರೆಯುತ್ತಿದ್ದುದರಿಂದ ಅದನ್ನು ಯೂರೋಪಿನ ಮಠಗಳ ಏಕಾಂತ ಪೂಜೆಯೊಡನೆ ಸಮೀಕರಿಸುವುದು ತಪ್ಪಾಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ, ಕಾರಣಗಳು ಬೇರೆ.

ಇಪ್ಪತ್ತನೆಯ ಶತಮಾನದ ವಾದದ ತಿರುಳು ಇದು: ನೂರು ಯಾಜಕರು ಕೂಡಿದ ಒಂದು ಪೂಜೆಯು ನೂರು ಪೂಜೆಗಳಿಗೆ ಸಮವೇ? ಪೂಜೆಗಳ ಸಂಖ್ಯೆಗೂ ಫಲಕ್ಕೂ ಇರುವ ಸಂಬಂಧವನ್ನು ಕಾರ್ಲ್ ರಾನರ್ ಎಂಬ ಜರ್ಮನ್ ದೇವಶಾಸ್ತ್ರಜ್ಞರು 1949ರಲ್ಲಿ ಪ್ರಶ್ನಿಸಿದರು. ನೂರು ಮಂದಿ ಯಾಜಕರು ಭಕ್ತಿಯಿಂದ ಪಾಲ್ಗೊಂಡ ಒಂದು ಪೂಜೆಯು ಅವರು ಅರ್ಪಿಸುವ ನೂರು ಪೂಜೆಗಳಿಗೆ ಸಮವೆಂಬ ಅಭಿಪ್ರಾಯವನ್ನು 1954ರಲ್ಲಿ ಹನ್ನೆರಡನೆಯ ಪಯಸ್ ಪೋಪರು ತಿರಸ್ಕರಿಸಿದರು. ಪಾಲ್ಗೊಳ್ಳುವುದು ಬೇರೆ, ಅರ್ಪಿಸುವುದು ಬೇರೆ ಎಂಬುದು ಅವರ ನಿಲುವು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು, ಯಾಜಕತ್ವದ ಐಕ್ಯವು ಸಹಬಲಿಪೂಜೆಯಲ್ಲಿ ವ್ಯಕ್ತವಾಗುತ್ತದೆಂದು ಹೇಳಿ ಅದರ ಅವಕಾಶವನ್ನು ವಿಸ್ತರಿಸಿತು. ಅದರ ವಿಧಿಯು 1965ರ ಮಾರ್ಚಿನಲ್ಲಿ ಹೊರಬಂದಿತು. ಒಂಟಿಯಾಗಿ ಅರ್ಪಿಸುವ ಸ್ವಾತಂತ್ರ್ಯವನ್ನೂ ಮಹಾಸಭೆಯು ಉಳಿಸಿತು. 1983ರ ಧರ್ಮಸಂಹಿತೆಯೂ ಇದನ್ನೇ ಅನುಸರಿಸಿ, ಅದೇ ದೇವಾಲಯದಲ್ಲಿ ಸಹಬಲಿಪೂಜೆ ನಡೆಯುತ್ತಿರುವಾಗ ಮಾತ್ರ ಒಂಟಿಪೂಜೆ ಕೂಡದೆಂದಿತು. ಸಹಪೂಜೆಯಲ್ಲಿ ಸೇರಿದ ಯಾಜಕನಿಗೂ ಕಾಣಿಕೆ ಸ್ವೀಕರಿಸಲು ಸಮ್ಮತಿಸಿತು. 2021ರ ಮಾರ್ಚಿನಲ್ಲಿ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಒಂಟಿಪೂಜೆಗಳನ್ನು ನಿಲ್ಲಿಸಿದಾಗ ವಿವಾದವೆದ್ದು, ಜೂನ್ ತಿಂಗಳಲ್ಲಿ ನಿರ್ಬಂಧವನ್ನು ಸ್ವಲ್ಪ ಸಡಿಲಿಸಬೇಕಾಯಿತು.

ಆದುದರಿಂದ ಒಂದನ್ನು ಪ್ರಾಚೀನವೆಂದೂ ಇನ್ನೊಂದನ್ನು ಭ್ರಷ್ಟವೆಂದೂ ತೀರ್ಮಾನಿಸುವುದು ಇತಿಹಾಸಕಾರನಿಗೆ ತರವಲ್ಲ. ಒಂದರಲ್ಲಿ ಯಾಜಕವರ್ಗದ ಐಕ್ಯ, ಇನ್ನೊಂದರಲ್ಲಿ ಪ್ರತಿಯೊಬ್ಬ ಯಾಜಕನ ನಿತ್ಯವ್ರತ ಹಾಗೂ ಮೃತರನ್ನು ಕುರಿತ ಭಕ್ತರ ಕಾಳಜಿ ಅಡಗಿವೆ. ಒಬ್ಬನೇ ಯಾಜಕನಿರುವ ಹಳ್ಳಿಯಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಐಕ್ಯವು ಕಾಣಬರುವುದು ಯಾಜಕರ ಸಂಖ್ಯೆಯಲ್ಲಲ್ಲ, ನೆರೆದ ಜನರಲ್ಲಿ. ಹಳೆಯ ದೇವಾಲಯಗಳ ಪೀಠಗಳನ್ನೂ ಕಾಣಿಕೆಯ ಲೆಕ್ಕಪುಸ್ತಕಗಳನ್ನೂ ಪರಿಶೀಲಿಸುವ ನಮ್ಮ ವಿದ್ಯಾರ್ಥಿಗಳು ಈ ಭೇದವನ್ನು ಮರೆಯದಿದ್ದರೆ ಈ ಲೇಖನವು ಸಾರ್ಥಕ.